ನಲವತ್ತೆರಡನೇ ನಂಬರಿನ ಲೈಟ್‌ಹೌಸ್

“ಐಸ್ ಫ್ಯಾಕ್ಟರಿ ಆದ್ಮೇಲೆ?”

“ಲೈಟ್‌ಹೌಸ್,” ಎಂದಳು ಅಜ್ಜಿ.

“ಎಷ್ಟು ದೂರ?”

“ಪಕ್ಕದಲ್ಲೇ.”

ಸ್ಕೇಲು ತಲೆ ಎತ್ತಲಿಲ್ಲ. ನೋಟ್‌ಬುಕ್ಕಿನ ಮೂರನೇ ಕಾಲಂನಲ್ಲಿ ‘ಪಕ್ಕದಲ್ಲೇ’ ಎಂದು ಬರೆದು, ಕೆಳಗೆ ನೇರವಾಗಿ ಒಂದು ಗೆರೆ ಎಳೆದಳು. ಇದು ಆ ಕಾಲಂನ ಮೊದಲ ‘ಪಕ್ಕದಲ್ಲೇ’.

ಅವಳ ನಿಜವಾದ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿತ್ತು. ಮನೆಯಲ್ಲಿ ಅದನ್ನು ಯಾರೂ ಬಳಸುತ್ತಿರಲಿಲ್ಲ. ಗೆರೆ ಎಳೆಯುವುದಕ್ಕೆ, ಮೇಜು ಬಾಗಿಲು ಅಳೆಯುವುದಕ್ಕೆ, ಆಗಾಗ ಅಣ್ಣನ ಬೆನ್ನಿಗೆ ಎರಡು ಬಿಗಿಯುವುದಕ್ಕೆ ಮೂವತ್ತು ಸೆಂಟಿಮೀಟರಿನ ಸ್ಕೇಲೊಂದನ್ನು ಹಿಡಿದೇ ತಿರುಗುತ್ತಿದ್ದಳು. ಪೆಟ್ಟು ತಿಂದ ಅಣ್ಣನೇ ಅವಳಿಗೆ ಸ್ಕೇಲು ಎಂದು ಹೆಸರಿಟ್ಟಿದ್ದು.

ಪ್ರವಾಸದ ಪ್ಲಾನ್ ಬರೆಯುವ ಕೆಲಸ ಅವಳ ಪಾಲಿಗೆ ಬಂದದ್ದೂ ಇದೇ ಕಾರಣಕ್ಕೆ. ಅಣ್ಣ ಬರೆದರೆ ಅವನಿಗೇ ಓದಲು ಬರುವುದಿಲ್ಲ ಎಂದು ಅಪ್ಪ ಹೇಳಿದ್ದರು.

ಪರೀಕ್ಷೆ ಮುಗಿದ ಮೇಲೆ ಮೂರು ದಿನ. ಅಪ್ಪನ ಕನ್ನಡಕದ ಅಂಗಡಿಗೆ ಮೂರು ದಿನ ಬೀಗ. ಅಮ್ಮ ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲೂ ಮೂರು ದಿನ ರಜೆ ಸಿಕ್ಕಿತ್ತು. ಇಬ್ಬರಿಗೂ ಒಟ್ಟಿಗೆ ಬಿಡುವಾದದ್ದು ಐದು ವರ್ಷಗಳಲ್ಲಿ ಇದೇ ಮೊದಲು.

ಊರನ್ನು ಆರಿಸಿದ್ದು ಅಪ್ಪ. ಸಮುದ್ರದ ದಡದಲ್ಲಿದ್ದ ಆ ದೊಡ್ಡ ಊರಿಗೆ ರೈಲಿನಲ್ಲಿ ಒಂಬತ್ತು ಗಂಟೆಯ ದಾರಿ. ಅಜ್ಜಿ ಮದುವೆಗೆ ಮುಂಚೆ ಅಲ್ಲಿನ ಟೆಲಿಫೋನ್ ಆಫೀಸಿನಲ್ಲಿ ಆರು ವರ್ಷ ಆಪರೇಟರ್ ಆಗಿದ್ದಳು. ಅಪ್ಪ ಚಿಕ್ಕವರಿದ್ದಾಗ ಬೇರೆ ಮಕ್ಕಳೆಲ್ಲ ಕಾಗಕ್ಕ ಗುಬ್ಬಕ್ಕನ ಕತೆ ಕೇಳಿ ಮಲಗಿದರೆ, ಅವರು ಆ ಊರಿನ ಲೈಟ್‌ಹೌಸಿನ ಕತೆ ಕೇಳಿ ಮಲಗುತ್ತಿದ್ದರಂತೆ. ತೆಳ್ಳಗೆ, ಎತ್ತರಕ್ಕೆ, ಮೈ ತುಂಬ ಕೆಂಪು ಪಟ್ಟೆ. ಸಂಜೆ ಆರಕ್ಕೆ ಹತ್ತು ನಿಮಿಷ ಇದೆ ಎನ್ನುವಾಗ ದೀಪದವರು ಬಂದರಿನ ಆಫೀಸಿಗೆ ಫೋನ್ ಮಾಡಿ, ದೀಪ ಹತ್ತಿಸಿದೆ ಎಂದು ಹೇಳುತ್ತಿದ್ದರಂತೆ.

ಈಗಲೂ ಅಂಗಡಿಗೆ ಆ ಊರಿನ ಕಡೆಯವರು ಯಾರಾದರೂ ಬಂದರೆ ಸಾಕು. ಕನ್ನಡಕ ಒರೆಸುತ್ತಲೇ ಅಪ್ಪ ಮಾತು ತೆಗೆಯುತ್ತಿದ್ದರು. “ನಮ್ಮಮ್ಮನಿಗೆ ನಿಮ್ಮೂರು ಅಂಗೈ ಗೆರೆ ಇದ್ದ ಹಾಗೆ.”

ಹಾಗಾಗಿ ಗೈಡ್ ಯಾರು ಎಂಬ ಪ್ರಶ್ನೆಯೇ ಬರಲಿಲ್ಲ.

ಗುರುವಾರ ಸಂಜೆ ಹಿತ್ತಲಿನ ಮೆಟ್ಟಿಲ ಮೇಲೆ ಕೂತು ಅಜ್ಜಿ ಹೇಳುತ್ತಾ ಹೋದಳು, ಸ್ಕೇಲು ಬರೆಯುತ್ತಾ ಹೋದಳು. ಮೊದಲು ಐಸ್ ಫ್ಯಾಕ್ಟರಿ. ಅದರ ಪಕ್ಕದಲ್ಲೇ ಲೈಟ್‌ಹೌಸ್. ಅದರ ಪಕ್ಕಕ್ಕೆ ಮೀನು ಹರಾಜಿನ ಕಟ್ಟೆ. ಆಮೇಲೆ ಹಡಗಿನ ಗಡಿಯಾರ ರಿಪೇರಿ ಮಾಡುವ ಅಂಗಡಿ. ಅಲ್ಲಿಂದ ನಾವಿಕರ ಆಸ್ಪತ್ರೆ.

ಅಣ್ಣ ನೋಟ್‌ಬುಕ್ಕಿನಲ್ಲಿ ಇಣುಕಿ ಮುಖ ಹುಳಿ ಮಾಡಿದ.

“ಟೂರ್‌ಗೆ ಹೋಗಿ ಯಾರಾದ್ರೂ ಐಸ್ ಫ್ಯಾಕ್ಟರಿ ನೋಡ್ತಾರಾ? ನಮ್ಮ ಫ್ರಿಡ್ಜ್ ನೋಡಿದ್ರೆ ಆಗಲ್ವಾ?”

“ನಿನ್ನ ಫ್ರಿಡ್ಜಿನ ಐಸು ನಿನ್ನ ಬೆರಳಷ್ಟು,” ಎಂದಳು ಅಜ್ಜಿ. “ಅಲ್ಲಿ ಒಂದೊಂದು ಗಡ್ಡೆ ನಿನ್ನಷ್ಟಿರುತ್ತೆ. ಗರಗಸದಲ್ಲಿ ಕೊಯ್ತಾರೆ. ಆ ಸದ್ದು ಕೇಳಬೇಕು ನೀನು.”

ಅಣ್ಣನಿಗೆ ಗರಗಸ ಹಿಡಿಸಿತು. ಅವನು ಹಡಗಿನ ಮ್ಯೂಸಿಯಂ ಒಂದನ್ನು ಸೇರಿಸಲು ಹೇಳಿ ಹೋದ. ಅಮ್ಮ ಒಳಗಿನಿಂದಲೇ ತನ್ನದನ್ನೂ ಬರೆಸಿದಳು. ಒಂದು ಸಂಜೆ ಮರಳಿನ ಮೇಲೆ ಸುಮ್ಮನೆ ಕೂರಬೇಕು, ಆ ಹೊತ್ತಿನಲ್ಲಿ ಯಾರೂ ರಕ್ತಪರೀಕ್ಷೆಗೆಂದು ಅವಳ ಮುಂದೆ ತೋಳು ಚಾಚಬಾರದು.

ಭಾನುವಾರ ಅಪ್ಪ ಸ್ಟೇಷನ್ನಿಗೆ ಹೋಗಿ ಟಿಕೆಟ್ ತರಬೇಕಿತ್ತು. ಅಂದು ಕೌಂಟರ್ ಎರಡು ಗಂಟೆಯವರೆಗೆ ಮಾತ್ರ. ಅಷ್ಟರೊಳಗೆ ಪ್ಲಾನ್ ಸಿದ್ಧವಿರಬೇಕು.

*

ಶನಿವಾರ ಮಧ್ಯಾಹ್ನ ಅಪ್ಪ ಒಂದು ನಕ್ಷೆ ತಂದರು. ಕನ್ನಡಕದ ಸ್ಕ್ರೂ ಹಾಕಿಸಿಕೊಳ್ಳಲು ಬಂದಿದ್ದ ಲಾರಿ ಡ್ರೈವರ್ ಒಬ್ಬರು ಕೊಟ್ಟಿದ್ದರು. ಮಡಿಕೆಗಳಲ್ಲಿ ಸ್ವಲ್ಪ ಹರಿದಿತ್ತು, ಮೂಲೆಯಲ್ಲಿ ಟೀ ಲೋಟದ ಗುರುತಿತ್ತು. ಇಡೀ ಊರು ಅದರಲ್ಲಿತ್ತು.

ಕೆಳಗಡೆ ಸಣ್ಣ ಅಕ್ಷರದಲ್ಲಿ ಬರೆದಿತ್ತು: ಒಂದು ಸೆಂಟಿಮೀಟರ್ ಅಂದರೆ ಐನೂರು ಮೀಟರ್.

ಸ್ಕೇಲುವಿಗೆ ಇನ್ನೇನು ಬೇಕು? ಹಾಲ್‌ನ ನೆಲದ ಮೇಲೆ ನಕ್ಷೆ ಹರಡಿ, ಹೊಟ್ಟೆ ಮೇಲೆ ಮಲಗಿ, ಮೊದಲು ಐಸ್ ಫ್ಯಾಕ್ಟರಿ ಹುಡುಕಿದಳು. ಅದೀಗ ಒಂದು ಬಸ್ ಸ್ಟಾಪಿನ ಹೆಸರು. ಊರಿನ ದಕ್ಷಿಣದ ತುದಿಯಲ್ಲಿತ್ತು. ಅದರ ಪಕ್ಕದಲ್ಲಿ ಲೈಟ್‌ಹೌಸ್ ಹುಡುಕಿದಳು. ಇರಲಿಲ್ಲ. ಬೆರಳಿಟ್ಟು ದಡದ ಗುಂಟ ಮೇಲಕ್ಕೆ ಬಂದಳು. ನಕ್ಷೆಯ ನಡು ದಾಟಿತು, ಬಂದರು ದಾಟಿತು. ಲೈಟ್‌ಹೌಸ್ ಉತ್ತರದ ಕೊನೆಯಲ್ಲಿ ಒಂದು ಬಂಡೆಯ ಮೇಲಿತ್ತು.

ಸ್ಕೇಲ್ ಇಟ್ಟು ನೋಡಿದಳು. ಇಪ್ಪತ್ತೆರಡೂವರೆ ಸೆಂಟಿಮೀಟರ್. ಅಂದರೆ ಹನ್ನೊಂದು ಕಿಲೋಮೀಟರ್ ಇನ್ನೂರೈವತ್ತು ಮೀಟರ್.

ಇನ್ನೊಂದು ಸಲ ಅಳೆದಳು. ಅಷ್ಟೇ ಬಂತು.

ಲೈಟ್‌ಹೌಸಿನಿಂದ ಹರಾಜಿನ ಕಟ್ಟೆಗೆ ಹದಿನೆಂಟು ಸೆಂಟಿಮೀಟರ್, ಅಂದರೆ ಒಂಬತ್ತು ಕಿಲೋಮೀಟರ್. ಗಡಿಯಾರದ ಅಂಗಡಿ ಮಾತ್ರ ಸ್ವಲ್ಪ ಹತ್ತಿರ, ಒಂದೂವರೆ. ಆಸ್ಪತ್ರೆಗೆ ಮತ್ತೆ ಆರೂವರೆ. ಅಜ್ಜಿ ಒಂದು ಬೆಳಿಗ್ಗೆ ನಡೆದೇ ಮುಗಿಸಬಹುದು ಎಂದಿದ್ದ ದಾರಿ ಒಟ್ಟು ಇಪ್ಪತ್ತೆಂಟು ಕಿಲೋಮೀಟರ್ ಇನ್ನೂರೈವತ್ತು ಮೀಟರ್ ಆಯಿತು. ಅದೂ ನೇರ ಗೆರೆಯಲ್ಲಿ. ರಸ್ತೆಗಳು ನೇರ ಗೆರೆಯಲ್ಲಿ ಹೋಗುವುದಿಲ್ಲ.

ಅವಳಿಗೆ ಖುಷಿಯಾಯಿತು. ಶಾಲೆಯಲ್ಲಿ ಟೀಚರ್ ಬೋರ್ಡಿನ ಮೇಲೆ ಬರೆದ ಲೆಕ್ಕದಲ್ಲಿ ತಪ್ಪು ಕಂಡಾಗ ಆಗುತ್ತದಲ್ಲ, ಅಂಥ ಖುಷಿ. ನೋಟ್‌ಬುಕ್ಕಿನ ಹೊಸ ಹಾಳೆಯಲ್ಲಿ ‘ಅಜ್ಜಿಯ ತಪ್ಪುಗಳು’ ಎಂದು ಬರೆದು, ಒಂದು, ಎರಡು, ಮೂರು, ನಾಲ್ಕು ಎಂದು ಪಟ್ಟಿ ಮಾಡಿದಳು.

*

ಭಾನುವಾರ ಬೆಳಿಗ್ಗೆ ಎಲ್ಲರೂ ತಿಂಡಿಗೆ ಕೂತಿದ್ದಾಗ ಅವಳು ಆ ಪಟ್ಟಿಯನ್ನು ಗಟ್ಟಿಯಾಗಿ ಓದಿದಳು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಹನ್ನೊಂದು ಕಿಲೋಮೀಟರ್ ಪಕ್ಕದಲ್ಲೇ ಆದರೆ ತನ್ನ ಶಾಲೆ ಮಂಚದ ಕೆಳಗಿದೆ ಎಂದ. “ಅಜ್ಜಿ, ನೀನು ಇದ್ದಿದ್ದು ಆ ಊರೇ ಹೌದಾ? ಬೇರೆ ಸ್ಟೇಷನ್‌ನಲ್ಲಿ ಇಳಿದುಬಿಟ್ಟಿದ್ಯಾ?”

ಅಪ್ಪನೂ ನಕ್ಕರು. ಆದರೆ ಅವರ ನಗು ಬೇಗ ನಿಂತಿತು. ನಕ್ಷೆ ಎಳೆದುಕೊಂಡು, ಕನ್ನಡಕ ಹಣೆಗೇರಿಸಿ, ಅದನ್ನು ಹತ್ತಿರದಿಂದ ನೋಡಿದರು.

“ಅಮ್ಮ, ಲೈಟ್‌ಹೌಸ್ ಐಸ್ ಫ್ಯಾಕ್ಟರಿ ಪಕ್ಕ ಅಂತ ನಂಗೂ ಹೇಳ್ತಿದ್ಯಲ್ಲ?”

ಅಜ್ಜಿಯ ಕೈಯಲ್ಲಿದ್ದ ಲೋಟ ಅರ್ಧದಲ್ಲೇ ನಿಂತಿತ್ತು. ಅವಳು ಅದನ್ನು ಕೆಳಗಿಟ್ಟಳು.

“ಹೇಳಿರಬೇಕು. ಮರೆತು ಹೋಗಿದೆ,” ಎಂದಳು.

ಆಮೇಲೆ ಅಜ್ಜಿಯೇ ಎದ್ದಳು. ಟಿಕೆಟ್ ನಾಲ್ಕೇ ತಗೋ ಎಂದು ಅಪ್ಪನಿಗೆ ಹೇಳಿದಳು. ಅಷ್ಟು ದೂರ ರೈಲಿನಲ್ಲಿ ಕೂರಲು ತನ್ನ ಮಂಡಿಗೆ ಆಗದು, ಗಿಡಗಳಿಗೆ ನೀರು ಹಾಕಲೂ ಒಬ್ಬರು ಬೇಕಲ್ಲ ಎಂದಳು. ತಟ್ಟೆ ತೊಳೆದಿಟ್ಟು, ಒಗೆದ ಬಟ್ಟೆಯ ಬಕೆಟ್ ಎತ್ತಿಕೊಂಡು ಮಹಡಿ ಹತ್ತಿದಳು. ಮೂವತ್ತೆರಡು ಮೆಟ್ಟಿಲು. ಸ್ಕೇಲು ಎಣಿಸಿಟ್ಟಿದ್ದಳು. ಮಂಡಿ ನೋವಿರುವವರು ಬಕೆಟ್ ಹಿಡಿದು ಹಾಗೆ ಹತ್ತುವುದಿಲ್ಲ.

ಅಡುಗೆಮನೆಯಲ್ಲಿ ಅಪ್ಪ ಅಮ್ಮ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ಸ್ಕೇಲು ತಟ್ಟೆ ಇಡುವ ನೆಪದಲ್ಲಿ ಬಾಗಿಲ ಬಳಿ ನಿಂತಳು.

“ಈ ವಯಸ್ಸಿಗೆ ಮರೆವು ಶುರು ಆಗೋದು ಹೀಗೇ ರೀ,” ಎಂದು ಅಮ್ಮ ಹೇಳುತ್ತಿದ್ದಳು. “ಮೊದಲು ಜಾಗಗಳೇ ಮರೆತು ಹೋಗೋದು. ಮುಂದಿನ ವಾರ ಅತ್ತೇನ ನಮ್ಮ ಡಾಕ್ಟರ್ ಹತ್ರ ಒಂದ್ಸಲ ತೋರಿಸೋಣ. ಪ್ರವಾಸ ಬೇಕಾದ್ರೆ ಇನ್ನೊಂದು ಸಲ ಹೋದರಾಯ್ತು.”

“ಅಮ್ಮನೇ ಬರಲ್ಲ ಅಂದ್ಮೇಲೆ ಆ ಊರಿಗೆ ಹೋಗಿ ಏನು ಮಾಡೋದು,” ಎಂದರು ಅಪ್ಪ. ಒಂದು ಗಂಟೆಯ ತನಕ ನೋಡೋಣ, ಅವಳು ಮನಸ್ಸು ಬದಲಿಸದಿದ್ದರೆ ಸ್ಟೇಷನ್ನಿಗೇ ಹೋಗುವುದಿಲ್ಲ ಎಂದೂ ಹೇಳಿದರು.

ಸ್ಕೇಲುವಿನ ಖುಷಿ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅಳತೆ ಒಂದೂ ತಪ್ಪಿರಲಿಲ್ಲ. ಆದರೂ ಅಜ್ಜಿಯನ್ನು ತಾನೇ ಎಲ್ಲರೆದುರು ನಿಲ್ಲಿಸಿ, ಕಿವಿ ಹಿಂಡಿದ ಹಾಗಿತ್ತು.

*

ಮಹಡಿಯ ಮೇಲೆ ಅಜ್ಜಿ ಬಟ್ಟೆ ಒಣಹಾಕುತ್ತಿದ್ದಳು. ಸ್ಕೇಲು ಕ್ಲಿಪ್ಪುಗಳ ಡಬ್ಬ ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಎರಡು ಟವೆಲ್, ಅಪ್ಪನ ಒಂದು ಶರ್ಟು ಹಗ್ಗಕ್ಕೆ ಏರಿದವು.

“ಅಜ್ಜಿ, ನಿಂಗೆ ನಿಜವಾಗ್ಲೂ ಮರೆವಾ?”

“ಹೂಂ.”

“ಹಾಗಾದ್ರೆ ಐಸ್ ಫ್ಯಾಕ್ಟರಿ ಫೋನ್ ನಂಬರ್ ಎಷ್ಟಿತ್ತು?”

“ನಲವತ್ತೊಂದು.” ಅಜ್ಜಿ ಯೋಚನೆಯನ್ನೇ ಮಾಡಲಿಲ್ಲ.

“ಲೈಟ್‌ಹೌಸ್?”

“ನಲವತ್ತೆರಡು.”

“ಮೀನು ಹರಾಜು?”

“ನಲವತ್ಮೂರು. ಗಡಿಯಾರದವರು ನಲವತ್ನಾಲ್ಕು. ಆಸ್ಪತ್ರೆ ನಲವತ್ತೈದು. ಬಂದರಿನ ಆಫೀಸು ಏಳು. ನಿಮ್ಮಮ್ಮನಿಗೆ ಹೇಳು, ನಾನು ನೂರಿಪ್ಪತ್ತು ನಂಬರೂ ಹೇಳ್ತೀನಿ. ಯಾವ ಡಾಕ್ಟರ್ ಬೇಕಾದ್ರೂ ಬರಲಿ.”

ಅಜ್ಜಿಯ ಕಿವಿ ಎಷ್ಟು ಚುರುಕು ಎಂಬುದನ್ನು ಕೆಳಗಿದ್ದವರು ಮರೆತಿದ್ದರು.

ಸ್ಕೇಲು ನೋಟ್‌ಬುಕ್ ತೆರೆದಳು. ಐಸ್ ಫ್ಯಾಕ್ಟರಿ, ಲೈಟ್‌ಹೌಸ್, ಹರಾಜಿನ ಕಟ್ಟೆ, ಗಡಿಯಾರದ ಅಂಗಡಿ, ಆಸ್ಪತ್ರೆ. ಪಕ್ಕದಲ್ಲಿ ಒಂದೊಂದಾಗಿ ನಂಬರ್ ಬರೆದಳು. ನಲವತ್ತೊಂದು, ನಲವತ್ತೆರಡು, ನಲವತ್ತಮೂರು, ನಲವತ್ತನಾಲ್ಕು, ನಲವತ್ತೈದು. ಒಂದೂ ಹಿಂದುಮುಂದಾಗಿರಲಿಲ್ಲ.

“ಅಜ್ಜಿ, ನೀನು ಹೇಳಿದ ಪಕ್ಕದಲ್ಲೇ ಅನ್ನೋದು ಊರಲ್ಲಿ ಪಕ್ಕ ಅಲ್ವಾ?”

ಅಜ್ಜಿ ಅವಳನ್ನೇ ನೋಡಿದಳು. ಆಮೇಲೆ ಡಬ್ಬದಿಂದ ಐದು ಕ್ಲಿಪ್ ತೆಗೆದುಕೊಂಡು, ಖಾಲಿ ಇದ್ದ ಹಗ್ಗಕ್ಕೆ ಒಂದರ ಪಕ್ಕ ಒಂದು ಸಿಕ್ಕಿಸಿದಳು.

“ಹೀಗಿರ್ತಿತ್ತು ನೋಡು. ಎದುರಿಗೆ ಗೋಡೆಯಷ್ಟು ದೊಡ್ಡ ಮರದ ಬೋರ್ಡು. ಸಾಲು ಸಾಲಾಗಿ ತೂತು. ಒಂದೊಂದು ತೂತಿಗೆ ಒಂದು ನಂಬರು, ಒಂದು ಪುಟ್ಟ ದೀಪ. ಅಲ್ಲಿ ಯಾರೋ ಫೋನ್ ಎತ್ತಿದ್ರೆ ಇಲ್ಲಿ ದೀಪ ಹತ್ತುತ್ತೆ. ವಯರ್ ಚುಚ್ಚಿ ‘ನಂಬರ್ ಪ್ಲೀಸ್’ ಅನ್ನಬೇಕು. ಅವರು ಹೇಳಿದ ನಂಬರಿಗೆ ಜೋಡಿ ವಯರ್ ಚುಚ್ಚಬೇಕು. ಅಷ್ಟೇ ಕೆಲಸ. ಒಂದು ಮಾತು ಹೆಚ್ಚು ಆಡೋ ಹಾಗಿಲ್ಲ. ಹಿಂದುಗಡೆ ಸೂಪರ್‌ವೈಸರ್ ಓಡಾಡ್ತಿರ್ತಿದ್ರು.”

ಹಾಗಾದರೆ ಐಸಿನ ಗರಗಸ, ಗಡಿಯಾರದ ಅಂಗಡಿ, ಇದೆಲ್ಲ ಹೇಗೆ ಗೊತ್ತಾಯಿತು ಎಂದು ಸ್ಕೇಲು ಕೇಳಿದಳು.

“ಲೈನ್ ಸಿಗೋವರೆಗೂ ಜನ ಸುಮ್ಮನಿರ್ತಾರಾ? ಕೆಮ್ತಾರೆ, ಗೊಣಗ್ತಾರೆ, ಹಾಡು ಗುನುಗ್ತಾರೆ.” ಅಜ್ಜಿ ಮೊದಲ ಕ್ಲಿಪ್ ಮುಟ್ಟಿದಳು. “ಇವರ ಹಿಂದೆ ಯಾವಾಗಲೂ ಗರಗಸದ ಸದ್ದು. ಇವರು,” ಮೂರನೆಯದನ್ನು ಮುಟ್ಟಿದಳು, “ನಂಬರನ್ನೂ ಹರಾಜು ಕೂಗಿದ ಹಾಗೇ ಕೂಗ್ತಿದ್ರು. ನಲವತ್ನಾಲ್ಕರವರು ಹನ್ನೆರಡು ಗಂಟೆಗೇನಾದ್ರೂ ಫೋನ್ ಎತ್ತಿದ್ರೋ ಮುಗೀತು, ಒಂದಾದ್ಮೇಲೆ ಒಂದು ಗಡಿಯಾರ ಹೊಡೆಯೋಕೆ ಶುರು. ಹನ್ನೆರಡಾಗಿ ಐದು ನಿಮಿಷ ಆದ್ರೂ ಅಲ್ಲಿ ಹನ್ನೆರಡು ಹೊಡೀತಾನೇ ಇರ್ತಿತ್ತು.”

ಸ್ಕೇಲುವಿಗೆ ನಗು ಬಂತು. ಅಜ್ಜಿಗೂ ಬಂತು.

“ಲೈಟ್‌ಹೌಸಿನವರು?”

“ಅವರದ್ದು ತೆಳು ದನಿ. ಉದ್ದಕ್ಕೆ ಎಳೆದು ಮಾತಾಡ್ತಿದ್ರು. ಹಿಂದೆ ಬರೀ ಗಾಳಿ. ಐದು ಐವತ್ತಕ್ಕೆ ದೀಪ ಹತ್ತುತ್ತೆ ಅಂತ ನಾನು ಐದು ನಲವತ್ತೆಂಟಕ್ಕೇ ವಯರ್ ಕೈಯಲ್ಲಿ ಹಿಡಿದು ಕಾಯ್ತಿದ್ದೆ. ‘ಏಳು ಕೊಡಿ ತಾಯಿ’ ಅನ್ನೋರು. ನೂರಿಪ್ಪತ್ತು ಜನದಲ್ಲಿ ತಾಯಿ ಅಂತ ಕರೀತಿದ್ದೋರು ಅವರೊಬ್ಬರೇ.”

ಅಜ್ಜಿ ಎರಡನೇ ಕ್ಲಿಪ್ಪನ್ನು ಸರಿಯಾಗಿಯೇ ಇದ್ದರೂ ಮತ್ತೊಮ್ಮೆ ಸರಿಮಾಡಿದಳು.

“ನೀನು ಅದನ್ನ ನೋಡೇ ಇಲ್ವಾ ಅಜ್ಜಿ?”

“ಇಲ್ಲ.”

“ಐಸ್ ಫ್ಯಾಕ್ಟರಿ?”

“ಯಾವುದೂ ಇಲ್ಲ ಕಣೇ. ಹಾಸ್ಟೆಲ್‌ನಿಂದ ಆಫೀಸಿಗೆ ನಾನೂರು ಹೆಜ್ಜೆ. ಬೆಳಗಿನ ಪಾಳಿ ಅಂದ್ರೆ ನಾಲ್ಕೂವರೆಗೆ ಏಳಬೇಕು, ರಾತ್ರಿ ಪಾಳಿ ಅಂದ್ರೆ ಹಗಲೆಲ್ಲ ನಿದ್ದೆ. ಪಾಳಿ ಇಲ್ಲದ ದಿನ ಸಂಜೆ ಆರಕ್ಕೆ ಹಾಸ್ಟೆಲ್ ಗೇಟು ಹಾಕೋರು. ಎರಡು ದಿನ ರಜೆ ಸಿಕ್ಕಿದ್ರೆ ರೈಲು ಹತ್ತಿ ನಮ್ಮಮ್ಮನ ಹತ್ರ ಓಡ್ತಿದ್ದೆ. ಎರಡು ಸಲ ಎಲ್ಲರನ್ನೂ ಸಾಲಾಗಿ ಸಮುದ್ರಕ್ಕೆ ಕರ್ಕೊಂಡು ಹೋಗಿದ್ರು, ಅಷ್ಟೇ. ಇರೋ ಊರು ತಾನೇ, ಎಲ್ಲಿ ಓಡಿ ಹೋಗುತ್ತೆ, ಇನ್ನೊಂದು ದಿನ ನೋಡೋಣ ಅಂತ. ಆರು ವರ್ಷ ಆಗೋಯ್ತು. ಮದುವೆಯಾಗಿ ಇಲ್ಲಿಗೆ ಬಂದೆ.”

ಮರುವರ್ಷವೇ ಆ ಬೋರ್ಡನ್ನು ತೆಗೆದುಹಾಕಿ, ತಾನೇ ಲೈನ್ ಜೋಡಿಸುವ ಮೆಷಿನ್ ಇಟ್ಟರಂತೆ. ಜೊತೆಯಲ್ಲಿದ್ದ ಗೆಳತಿಯೊಬ್ಬಳು ಕಾಗದ ಬರೆದಿದ್ದಳಂತೆ.

ಮನೆಯಲ್ಲಿ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಸ್ಕೇಲು ಕೇಳಿದಳು. ಅಜ್ಜಿ ಬಕೆಟ್ಟಿನ ತಳದಿಂದ ಕೊನೆಯ ಬಟ್ಟೆ ತೆಗೆದು ಎರಡು ಸಲ ಒದರಿದಳು.

“ನೋಡಿದ್ದೀಯಾ ಅಂತ ಯಾರೂ ಕೇಳಲಿಲ್ಲ. ಹೇಗಿದೆ ಅಂತಲೇ ಎಲ್ಲರೂ ಕೇಳಿದ್ರು. ನನಗೆ ಹೇಗೆ ಕಾಣ್ತಿತ್ತೋ ಹಾಗೆ ಹೇಳಿದೆ. ನಿಮ್ಮಪ್ಪ ಮೂರು ವರ್ಷದವನಿದ್ದ. ಲೈಟ್‌ಹೌಸ್ ಹೇಗಿದೆ ಅಂದ. ತೆಳ್ಳಗಿದೆ, ಕೆಂಪು ಪಟ್ಟೆ ಇದೆ ಅಂದೆ. ಅವನು ಅದನ್ನ ಊರಿಗೆಲ್ಲ ಹೇಳಿದ. ಈಗ ನಾನು ನೋಡಿಲ್ಲಪ್ಪ ಅಂದ್ರೆ ನಮ್ಮಮ್ಮ ಹೇಳಿದ್ದೆಲ್ಲ ಸುಳ್ಳು ಅಂತ ಆಗಲ್ವಾ ಅವನಿಗೆ? ಅದಕ್ಕೆ ಮರೆವು ಅಂದುಕೊಂಡ್ರೇ ವಾಸಿ.”

“ನಿಂಗೆ ಹೋಗೋಕೆ ಇಷ್ಟ ಇಲ್ವಾ?”

ಅಜ್ಜಿ ಒದರಿದ ಬಟ್ಟೆಯನ್ನು ಹಗ್ಗಕ್ಕೆ ಹಾಕಿದಳು. ಹಗ್ಗದ ಮೇಲಿದ್ದ ಐದು ಕ್ಲಿಪ್‌ಗಳನ್ನು ಮಾತ್ರ ತೆಗೆಯಲಿಲ್ಲ. ಸ್ಕೇಲುವಿಗೆ ಅಷ್ಟು ಸಾಕಾಯಿತು.

“ನಾನು ಅಪ್ಪಂಗೆ ಹೇಳಲ್ಲ,” ಎಂದಳು.

*

ಅವಳು ಕೆಳಗೆ ಬಂದು, ‘ಅಜ್ಜಿಯ ತಪ್ಪುಗಳು’ ಎಂದಿದ್ದ ಹಾಳೆಯನ್ನು ಹರಿದು ಹಾಕಿದಳು. ನಕ್ಷೆಯನ್ನು ಮತ್ತೆ ಹರಡಿದಳು. ಈ ಸಲ ನಂಬರ್ ಬಿಟ್ಟು, ಊರು ಇದ್ದ ಹಾಗೆ ಸಾಲು ಹಾಕಿದಳು. ಮೊದಲ ದಿನ ದಕ್ಷಿಣದ ತುದಿ, ಎರಡನೇ ದಿನ ನಡುವಿನದು, ಮೂರನೇ ದಿನ ಉತ್ತರ. ಐದು ಜಾಗಗಳಲ್ಲಿ ಒಂದನ್ನೂ ಕೈಬಿಡಲಿಲ್ಲ. ಐಸ್ ಫ್ಯಾಕ್ಟರಿ ಬರೀ ಬಸ್ ಸ್ಟಾಪ್ ಆಗಿದ್ದರೂ ಅಲ್ಲಿ ಇಳಿಯುವುದು ಎಂದು ಬರೆದಳು. ಅಣ್ಣನ ಮ್ಯೂಸಿಯಂ ಹರಾಜಿನ ಕಟ್ಟೆಯಿಂದ ಎಂಟುನೂರು ಮೀಟರ್. ಅಮ್ಮನ ಮರಳು ಎಲ್ಲ ಕಡೆಯೂ ಇತ್ತು.

ಹನ್ನೆರಡೂ ಐವತ್ತಕ್ಕೆ ಅಪ್ಪನಿಗೆ ನೋಟ್‌ಬುಕ್ ತೋರಿಸಿದಳು. ಅಪ್ಪ ಪುಟ ತಿರುವಿ ನೋಡಿದರು. ತುಂಬ ಚೆನ್ನಾಗಿ ಮಾಡಿದ್ದೀಯ ಎಂದರು. ಆದರೆ ಅಜ್ಜಿ ಬರದೆ ಅವರಿಗೆ ಮನಸ್ಸಿರಲಿಲ್ಲ ಎನ್ನುವುದು ದನಿಯಲ್ಲೇ ಗೊತ್ತಾಗುತ್ತಿತ್ತು.

“ಲೈಟ್‌ಹೌಸ್ ಯಾವಾಗ ತೆಗೀತಾರೆ ಅಂತ ಒಂದು ಗೊತ್ತಿಲ್ಲ,” ಎಂದಳು ಸ್ಕೇಲು. “ಫೋನ್ ಮಾಡಿ ಕೇಳಬೇಕು. ನಂಬರ್ ನಕ್ಷೆಯ ಹಿಂದೆ ಇದೆ.”

ಕೇಳು ಎಂದು ಅಪ್ಪ ತಮ್ಮ ಮೊಬೈಲ್ ಕೊಟ್ಟರು. ಆಗ ಅಜ್ಜಿ ಖಾಲಿ ಬಕೆಟ್ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದಳು.

ನಕ್ಷೆ ತಿರುಗಿಸಿ, ಹತ್ತು ಅಂಕಿ ಒತ್ತಿ, ಸ್ಪೀಕರ್ ಹಾಕಿ, ಸ್ಕೇಲು ಮೊಬೈಲನ್ನು ಅಜ್ಜಿಯ ಮುಂದೆ ಹಿಡಿದಳು.

“ಅಜ್ಜಿ, ನೀನು ಮಾತಾಡು. ನಂಗೆ ಆಫೀಸಿನೋರ ಜೊತೆ ಮಾತಾಡೋಕೆ ಬರಲ್ಲ.”

ಅದು ನಿಜವಲ್ಲ. ಅವಳು ಯಾರ ಜೊತೆ ಬೇಕಾದರೂ ಮಾತಾಡುತ್ತಿದ್ದಳು.

ರಿಂಗ್ ಆಗುತ್ತಿತ್ತು. ಅಜ್ಜಿ ಬೇಡ ಎನ್ನಲು ಕೈ ಎತ್ತಿದಳು. ಅಷ್ಟರಲ್ಲಿ ಆ ಕಡೆಯಿಂದ “ಹಲೋ, ಲೈಟ್‌ಹೌಸ್,” ಎಂದು ಗಂಡಸಿನ ದನಿ ಬಂತು. ದಪ್ಪ ದನಿ, ಎಳೆ ವಯಸ್ಸಿನದು. ಹಿಂದೆ ಗಾಳಿ ಬೀಸುತ್ತಿತ್ತು.

ಅಜ್ಜಿ ಬಕೆಟ್ ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಳು.

“ನಮಸ್ಕಾರ. ಲೈಟ್‌ಹೌಸ್ ನೋಡಲು ಬರುವವರಿಗೆ ಸಮಯ ಯಾವುದು, ದಯವಿಟ್ಟು ತಿಳಿಸ್ತೀರಾ?”

ಅಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಸ್ಕೇಲುವೂ ನೋಡಿದಳು. ಅದು ಅಜ್ಜಿಯ ದನಿಯೇ. ಆದರೆ ಅದರಲ್ಲಿ ಮುಪ್ಪು ಇರಲಿಲ್ಲ. ಒಂದೊಂದು ಮಾತೂ ಇಸ್ತ್ರಿ ಮಾಡಿ ಮಡಿಚಿಟ್ಟ ಹಾಗಿತ್ತು.

ಸಂಜೆ ನಾಲ್ಕರಿಂದ ಐದೂವರೆ, ಎಂದರು ಆ ಕಡೆಯವರು. ಸೋಮವಾರ ರಜೆ. ನೂರ ಅರವತ್ತಮೂರು ಮೆಟ್ಟಿಲು, ಹತ್ತಲಾಗದವರು ಕೆಳಗೆ ಕೂರಲು ಬೆಂಚಿದೆ. ಎಷ್ಟು ಜನ ಎಂದು ಕೇಳಿದರು.

ಅಜ್ಜಿ ಸ್ಕೇಲುವಿನ ಮುಖ ನೋಡಿದಳು. ಅಪ್ಪ ಅವಳನ್ನೇ ನೋಡುತ್ತಿದ್ದರು.

“ಐದು ಜನ,” ಎಂದಳು ಅಜ್ಜಿ. ಅಪ್ಪ ಚಪ್ಪಲಿ ಮೆಟ್ಟಲು ಬಾಗಿಲಿಗೆ ಹೋದರು.

“ಸರಿ ಅಮ್ಮ. ದಾರಿ ಗೊತ್ತಲ್ಲ? ಮುಂಚೆ ಬಂದು ನೋಡಿದ್ದೀರಾ?”

ಅಜ್ಜಿ ಅಪ್ಪನ ಕಡೆ ನೋಡಿದಳು. ಸ್ಕೇಲುವಿಗೆ ಮೊಬೈಲ್ ಕಸಿದುಕೊಂಡು ತಾನೇ ಏನಾದರೂ ಹೇಳಿಬಿಡಬೇಕು ಎನ್ನಿಸಿತು. ಆದರೆ ಹೇಳಬೇಕಾದವರು ತಾನಲ್ಲ ಎಂದೂ ಅನ್ನಿಸಿತು. ಅವಳು ಮೊಬೈಲನ್ನು ಗಟ್ಟಿಯಾಗಿ ಹಿಡಿದು ನಿಂತಳು.

“ಇಲ್ಲಪ್ಪ,” ಎಂದಳು ಅಜ್ಜಿ. ದನಿ ಮತ್ತೆ ಮನೆಯ ಅಜ್ಜಿಯದಾಗಿತ್ತು. “ನಾನು ನೋಡಿಲ್ಲ. ಇದೇ ಮೊದಲ ಸಲ ಬರ್ತಿರೋದು.”

ಅಪ್ಪ ಒಂದೇ ಚಪ್ಪಲಿಯಲ್ಲಿ ನಿಂತಿದ್ದರು.

ಆ ಕಡೆಯವರು ದಾರಿ ಹೇಳಿದರು. ಹದಿನೇಳನೇ ನಂಬರ್ ಬಸ್ಸು, ಕೊನೆಯ ಸ್ಟಾಪ್, ಇಳಿದು ಎಡಕ್ಕೆ. ಸ್ಕೇಲು ಒಂದು ಕೈಯಲ್ಲಿ ಬರೆದುಕೊಂಡಳು. ಅಜ್ಜಿ ಧನ್ಯವಾದ ಹೇಳಿದಳು. ಮಾತು ಮುಗಿದರೂ ಅವಳು ಮೊಬೈಲಿನಿಂದ ಮುಖ ಸರಿಸಲಿಲ್ಲ, ಆ ಕಡೆಯವರು ಫೋನ್ ಇಡುವವರೆಗೂ ಕಾದಳು.

“ಅವರು ಇಟ್ಟರು,” ಎಂದು ಅಜ್ಜಿ ಹೇಳಿದ ಮೇಲೆ ಸ್ಕೇಲು ಸ್ಪೀಕರ್ ಆಫ್ ಮಾಡಿದಳು.

ಅಜ್ಜಿ ಮೆಟ್ಟಿಲ ಮೇಲೆ ಕೂತಾಗ ಅಪ್ಪ ಬಂದು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

“ಅಮ್ಮ, ಹಾಗಾದ್ರೆ ಆ ಕೆಂಪು ಪಟ್ಟೆ?”

“ಆ ದೀಪದವರ ದನಿ ಹಾಗಿತ್ತು ಕಣೋ,” ಎಂದಳು ಅಜ್ಜಿ.

ಅಪ್ಪ ತಲೆ ತಗ್ಗಿಸಿದರು. ಅತ್ತರೇನೋ ಎಂದು ಸ್ಕೇಲುವಿಗೆ ಭಯವಾಯಿತು. ಅಪ್ಪ ನಗುತ್ತಿದ್ದರು. ನಗುತ್ತಲೇ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ತನಗೆ ಈಗಲೂ ಕಣ್ಣು ಮುಚ್ಚಿದರೆ ಆ ಪಟ್ಟೆ ಕಾಣುತ್ತದೆ, ಏಳು ಪಟ್ಟೆ, ಎಂದರು. ಏಳಲ್ಲ, ಒಂಬತ್ತು, ಎಂದಳು ಅಜ್ಜಿ. ನೋಡದ ಲೈಟ್‌ಹೌಸಿನ ಪಟ್ಟೆಗಳ ಬಗ್ಗೆ ತಾಯಿ ಮಗ ಸ್ವಲ್ಪ ಹೊತ್ತು ಜಗಳವಾಡಿದರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗಂಟೆ ಒಂದೂ ಹದಿನೈದು ಆಯಿತು, ಕೌಂಟರ್ ಮುಚ್ಚುತ್ತೆ ಎಂದು ನೆನಪಿಸಿದಳು. ಡಾಕ್ಟರ ವಿಷಯ ಎತ್ತಲಿಲ್ಲ.

ಅಪ್ಪ ಎದ್ದು ಇನ್ನೊಂದು ಚಪ್ಪಲಿ ಮೆಟ್ಟಿದರು.

ಸ್ಕೇಲು ಮೇಜಿನ ಮೇಲಿದ್ದ ನಕ್ಷೆಯತ್ತ ತಿರುಗಿದಳು. ಅದು ಬೆನ್ನು ಮೇಲಾಗಿ ಬಿದ್ದಿತ್ತು. ಫೋನ್ ನಂಬರಿನ ಪಕ್ಕದಲ್ಲೇ ಒಂದು ಫೋಟೋ ಇತ್ತು, ಬೆಂಕಿಪೊಟ್ಟಣದಷ್ಟು ದೊಡ್ಡದು. ನಂಬರ್ ಹುಡುಕುವಾಗಲೇ ಅವಳು ಅದನ್ನು ನೋಡಿದ್ದಳು. ಲೈಟ್‌ಹೌಸ್ ಹೇಗಿದೆ, ತೆಳ್ಳಗಿದೆಯೋ ದಪ್ಪಗಿದೆಯೋ, ಬಣ್ಣ ಯಾವುದು, ಪಟ್ಟೆ ಎಷ್ಟು, ಎಲ್ಲವೂ ಅವಳಿಗೆ ಗೊತ್ತಿತ್ತು. ಇಡೀ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

“ಏಳೋ ಒಂಬತ್ತೋ? ನೀನು ಹೇಳೇ ಸ್ಕೇಲು, ನಕ್ಷೆಯಲ್ಲಿ ಏನಾದ್ರೂ ಹಾಕಿದ್ದಾರಾ?” ಎಂದು ಬಾಗಿಲಿನಿಂದ ಅಪ್ಪ ಕೇಳಿದರು. ಅಜ್ಜಿಯೂ ಅವಳ ಕಡೆ ನೋಡಿದಳು.

“ಬಸ್ ನಂಬರ್ ಹಾಕಿದ್ದಾರೆ,” ಎಂದಳು ಸ್ಕೇಲು.

ಅವಳು ನಕ್ಷೆಯನ್ನು ಮಡಿಚತೊಡಗಿದಳು. ಬಿದ್ದಿದ್ದ ಹಾಗೆಯೇ ಮಡಿಚಿದರೆ ಫೋಟೋ ಮೇಲಕ್ಕೆ ಬರುತ್ತಿತ್ತು. ಅವಳು ಅದನ್ನು ಬಿಚ್ಚಿ, ಉಲ್ಟಾ ಮಾಡಿ, ಫೋಟೋ ಒಳಗೆ ಹೋಗುವಂತೆ ಇನ್ನೊಂದು ಸಲ ಮಡಿಚಿದಳು.